ಕೋಡಿ ಯಾವ ಕಡೆ?

ಇವತ್ತು ಕೋಲಾರದ ಹೊರವಲಯದಲ್ಲಿ ಸೈಟು ನೋಡಲು ಹೋಗಿದ್ದೆ. ಮೂವತ್ತು ನಲವತ್ತರ ಅಳತೆ, ಬೆಲೆಯೂ ಕೈಗೆಟುಕುವಂತಿತ್ತು. ಜೊತೆಗೆ ಬಂದಿದ್ದ ಅಜ್ಜಿ ಮಾತ್ರ ಬೆಲೆ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸುತ್ತ ಕಣ್ಣಾಡಿಸಿ, "ಮೇಲಿನ ಕೆರೆಯ ಕೋಡಿ ಯಾವ ಕಡೆ ಹರಿಯುತ್ತದಪ್ಪಾ?" ಎಂದಳು. ದಲ್ಲಾಳಿ ನಕ್ಕ. "ಕೋಲಾರದಲ್ಲಿ ನೀರೆಲ್ಲಿದೆ ಅಜ್ಜೀ!"

ಅವನ ಮಾತೂ ಪೂರ್ತಿ ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಬರುವ ಸೀಮೆ ಇದು. ಆದರೆ 2021ರ ನವೆಂಬರ್ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳೇ ಇಲ್ಲಿ ಕೋಡಿ ಬಿದ್ದವು. ನಮ್ಮ ಕೆರೆಗಳದ್ದು ಸರಪಳಿ: ಮೇಲಿನದು ತುಂಬಿದರೆ ಕಾಲುವೆ ಹಿಡಿದು ಕೆಳಗಿನದಕ್ಕೆ. ಆ ಕಾಲುವೆಗೆ ಮಣ್ಣು ಸುರಿದು ಬಡಾವಣೆ ಮಾಡಿದರೆ, ನೀರು ಅಡುಗೆಮನೆಯೊಳಗಿಂದಲೇ ದಾರಿ ಮಾಡಿಕೊಳ್ಳಬೇಕು. ಅದರ ಮೇಲೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವ ಕೆರೆಗಳು ಮಳೆಗಾಲಕ್ಕೆ ಮುಂಚೆಯೇ ಅರ್ಧ ತುಂಬಿರುತ್ತವೆ ಎನ್ನಿ. (ಬೇಡವೆನ್ನುತ್ತಿಲ್ಲ, ಹೊಸ ಮಳೆಗೆ ಜಾಗ ಕಡಿಮೆ ಎಂದೆ, ಅಷ್ಟೇ.)

ಸೈಟಿನ ಮೂಲೆಯಲ್ಲಿ, ಕಲ್ಲು ನೆಟ್ಟ ಜಾಗದ ಪಕ್ಕದಲ್ಲೇ, ಒಂದು ಹಿಡಿ ಜೊಂಡು ಬೆಳೆದಿತ್ತು. ಅಜ್ಜಿ ಬಗ್ಗಿ ಒಂದು ಎಳೆ ಕಿತ್ತು, ಏನೂ ಹೇಳದೆ ದಲ್ಲಾಳಿಯ ಕೈಗಿಟ್ಟಳು.