ಅಂಗೈಯಲ್ಲಿ ಎರಡು ಬಗೆ ಅಕ್ಕಿ

ಕ್ಯೋಟೋದ ಫುಶಿಮಿಯಲ್ಲಿ ಇವತ್ತು ‘ಸಾಕೆ’ ಅನ್ನೋ ಜಪಾನಿನ ಅಕ್ಕಿ ಮದ್ಯದ ಅಂಗಡಿಯವರು ನನ್ನ ಅಂಗೈಗೆ ಎರಡು ಬಗೆ ಅಕ್ಕಿ ಹಾಕಿದರು. ಒಂದು ಉಜ್ಜದ ಕಂದು ಕಾಳು. ಇನ್ನೊಂದು ಅರ್ಧದಷ್ಟು ಉಜ್ಜಿ ಮುತ್ತಿನಂತೆ ದುಂಡಗಾದದ್ದು. ಬಾಟಲಿ ಮೇಲಿನ ಶೇಕಡಾ ಅಂಕಿ ಅಂದ್ರೆ ಉಜ್ಜಿದ ಮೇಲೆ ಉಳಿದ ಕಾಳು. 60 ಅಥವಾ ಕಡಿಮೆ ಇದ್ದರೆ ಗಿಂಜೋ ದರ್ಜೆ, 50ಕ್ಕೆ ಇಳಿದರೆ ದೈಗಿಂಜೋ. ಹಣ್ಣಿನ ಘಮ ಹೆಚ್ಚಾಗಿ ಇರೋದು ಇವಕ್ಕೆ. ‘ಜುನ್‌ಮಾಯ್’ ಅಂತಿದ್ದರೆ ಅಕ್ಕಿ, ನೀರು, ಕೋಜಿ (ಬೂಷ್ಟು ಬೆಳೆಸಿದ ಅಕ್ಕಿ), ಯೀಸ್ಟ್ ಇವುಗಳದ್ದೇ ಕೆಲಸ, ಹೊರಗಿನ ಆಲ್ಕೋಹಾಲ್ ಬೆರೆಸಿರಲ್ಲ. ನನಗೆ ಜುನ್‌ಮಾಯೇ ಇಷ್ಟ, ಅದೂ ತುಸು ಬೆಚ್ಚಗೆ ಮಾಡಿದ್ದು. ಲೋಟ ಮೂಗಿನ ಹತ್ತಿರ ತಂದರೆ ಅಮ್ಮ ಗಂಜಿ ಬಸಿಯುವಾಗಿನ ಹಬೆ ನೆನಪಾಗುತ್ತೆ.

ಉಜ್ಜಿದ ಹಿಟ್ಟು ಏನಾಗುತ್ತೆ ಅಂತ ಕೇಳಿದೆ. ಸೆನ್ಬೇ ತಿಂಡಿಗೆ ಹೋಗುತ್ತಂತೆ. ಕೇಳಿ ಸಮಾಧಾನ ಆಯ್ತು.