ಟ್ರೈಲರಿನ ಹಿಂಗಾಲು ಕೂತವು, ಮುಂಗಾಲು ಬಾಕಿ

ನಮ್ಮ ಕ್ಯಾಂಪಿಂಗ್ ಟ್ರೈಲರಿಗೆ ಹಿಂದಿನ ಎರಡು ಸ್ಟೆಬಿಲೈಸರ್ ಜಾಕಿ, ಅಂದರೆ ನಿಲ್ಲಿಸಿದ ಗಾಡಿ ಅಲುಗಾಡದ ಹಾಗೆ ನೆಲಕ್ಕೆ ಊರುವ ಕಾಲುಗಳು, ಹೊಸದಾಗಿ ಕೂತಿವೆ, ಮೂಲೆಯಿಂದ 45 ಡಿಗ್ರಿ ಓರೆಯಲ್ಲಿ. ಮುಂದಿನ ಜೋಡಿಗೆ ಇನ್ನೂ ಕೈ ಹಚ್ಚಿಲ್ಲ. ಎಲ್ಲಿಗೆ ಬಂತು ಕೆಲಸ ಅಂತ ಗೆಳೆಯರು ಕೇಳುತ್ತಲೇ ಇದ್ದಾರೆ, ಇಲ್ಲಿಯ ತನಕ ಆಗಿದ್ದನ್ನೆಲ್ಲ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲು ಗಾಡಿಯ ಪರಿಚಯ. 17 ಅಡಿ ಉದ್ದ, ಒಂದೇ ಆಕ್ಸಲ್, ಲೀಫ್ ಸ್ಪ್ರಿಂಗ್, ಸಾಮಾನು ತುಂಬಿದರೆ 3,500 ಪೌಂಡಿನ ಆಸುಪಾಸು ತೂಗುವ ಸೆಕೆಂಡ್ ಹ್ಯಾಂಡ್ ಟ್ರೈಲರ್. ನಾವಿರುವುದು ಮಿಶಿಗನ್ನಿನ ಕಲಮಜೂ ಹತ್ತಿರ. ಇಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಟ್ರೈಲರಿನ ಹೊಟ್ಟೆ ಕೆಳಗೆ ಬಗ್ಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಎರಡು ಕತ್ತರಿ ಜಾಕಿ (ಉದ್ದದ ಸ್ಕ್ರೂ ತಿರುಗಿಸಿದರೆ ತೋಳುಗಳು ಕತ್ತರಿಯ ಹಾಗೆ ಬಿಚ್ಚಿಕೊಳ್ಳುವಂಥವು), ಎರಡೂ ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಮುಂದೆ, ಟ್ರಕ್ಕಿಗೆ ಕೊಂಡಿ ಹಾಕುವ ತುದಿಯನ್ನು ಎತ್ತಿ ಹಿಡಿಯುವ ಮೂಗಿನ ಜಾಕಿ ಬಿಟ್ಟರೆ ಏನೂ ಇರಲಿಲ್ಲ. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತಿತ್ತು.

ಏಪ್ರಿಲ್, ಹಿಮ ಕರಗಿದ ಮೇಲೆ

ಎರಡೂ ಜಾಕಿಯ ಸ್ಕ್ರೂಗೆ ತಂತಿ ಬ್ರಶ್ ಹಾಕಿ ಉಜ್ಜಿ, ಪೆನಟ್ರೇಟಿಂಗ್ ಆಯಿಲ್ ಹೊಡೆದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮತ್ತೆ ಹೊಡೆದೆ. ಇಂಥ ಕಡೆ ಉದ್ದ ಪೈಪು ಸಿಕ್ಕಿಸಿ ಬಲ ಹಾಕಿದರೆ ಸ್ಕ್ರೂ ತಿರುಚಿಕೊಂಡೀತು. ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ. ಹೀಗೆ ಆಡಿಸುತ್ತ ಹೋದ ಹಾಗೆ ತುಕ್ಕಿನ ಪುಡಿ ಥ್ರೆಡ್ಡಿನಿಂದ ಹೊರಗೆ ಬರುತ್ತದೆ.

ಎಡಗಡೆಯದು ಬಿಟ್ಟುಕೊಂಡಿತು. ಪೂರ್ತಿ ಇಳಿಸಿ ಪರೀಕ್ಷೆ ಮಾಡಿದೆ. ಸ್ಕ್ರೂ ತಿರುಗುವಾಗ ಓಲಾಡುತ್ತಿಲ್ಲ ಅಂದರೆ ಬಾಗಿಲ್ಲ. ತೋಳುಗಳ ರಿವಿಟ್ ತೂತಿನ ಸುತ್ತ ಬಿರುಕಿಲ್ಲ. ಹಿಡಿಕೆ ಸಿಕ್ಕಿಸುವ ತುದಿಯ ವಾಷರ್ ಮಾತ್ರ ಸವೆದು ಬ್ಲೇಡಿನಷ್ಟು ತೆಳುವಾಗಿತ್ತು, ಬದಲಿಸಿದೆ. ಭಾರವೆಲ್ಲ ಕೊನೆಗೆ ಬಂದು ತಗಲುವುದು ಆ ವಾಷರಿನ ಮೇಲೆ. ಅದು ಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಜಾಕಿ ಸರಿಯಿದ್ದರೂ ಕೈಗೆ ಜಗ್ಗದ ಹಾಗಾಗುತ್ತದೆ.

ಬಲಗಡೆಯದು ಬೇರೆಯೇ ಕತೆ. ಸ್ಕ್ರೂ ಸಲೀಸಾಗಿ ತಿರುಗುತ್ತದೆ, ಭಾರ ಬಿದ್ದ ಕೂಡಲೇ ಟಕ್ ಟಕ್ ಅಂತ ಜಾರುತ್ತದೆ. ನಟ್ಟಿನೊಳಗಿನ ಥ್ರೆಡ್ ಕಿತ್ತುಹೋಗಿದೆ. ಇದು ಇಂಪ್ಯಾಕ್ಟ್ ಡ್ರೈವರಿನ (ಬಡಿಯುತ್ತ ತಿರುಗಿಸುವ ಯಂತ್ರದ) ಕೈಚಳಕ ಅಂತ ನನ್ನ ಗುಮಾನಿ. ಕತ್ತರಿ ಜಾಕಿಯ ತುದಿಗೆ 3/4 ಇಂಚಿನ ಸಾಕೆಟ್ ಕೂರುತ್ತದೆ, ಡ್ರೈವರ್ ಹಾಕಿ ಗರ್ ಅನ್ನಿಸಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಪಾದ ನೆಲಕ್ಕೆ ತಗಲಿದ ಮೇಲೂ ಅದು ಬಡಿಯುತ್ತಲೇ ಇರುತ್ತದೆ, ಬಡಿತ ನೇರ ನಟ್ಟಿಗೆ ಬೀಳುತ್ತದೆ. ಸಾದಾ ಡ್ರಿಲ್ಲನ್ನು ಕಡಿಮೆ ಕ್ಲಚ್ಚಿಗೆ ಇಟ್ಟು ಪಾದ ನೆಲ ಮುಟ್ಟುವ ತನಕ ಇಳಿಸಿ, ಕೊನೆಯ ಅರ್ಧ ಸುತ್ತು ಕೈಯಲ್ಲಿ ಹಾಕುವುದೇ ವಾಸಿ.

ಆ ನಟ್ಟು ಬಿಡಿಯಾಗಿ ಸಿಕ್ಕರೂ ಹಾಕಬೇಕಾದರೆ ರಿವಿಟ್ ಕೊರೆದು ತೋಳು ಬಿಚ್ಚಬೇಕು. ಅಷ್ಟು ಮಾಡಿ ಉಳಿಸಿಕೊಳ್ಳುವಷ್ಟು ಗಟ್ಟಿ ಮಾಲೂ ಅಲ್ಲ. ಹಿಂದಕ್ಕೆ ಹೊಸ ಜೋಡಿ, ರಿಪೇರಿಯಾದ ಹಳೆಯದನ್ನು ಮುಂದಕ್ಕೆ ಎತ್ತಿಡುವುದು ಅಂತ ತೀರ್ಮಾನವಾಯಿತು.

ಎಷ್ಟು ಭಾರ, ಯಾವ ಕೋನ

ಹೊಸ ಜಾಕಿಯ ಪೆಟ್ಟಿಗೆ ಮೇಲೆ 5,000 ಪೌಂಡ್ ಅಂತ ದಪ್ಪಕ್ಷರದಲ್ಲಿದೆ. ನನ್ನ ಇಡೀ ಟ್ರೈಲರೇ ಅಷ್ಟು ತೂಗುವುದಿಲ್ಲ. ಇದನ್ನು ನೋಡಿದ ಯಾರಿಗಾದರೂ, ಹಾಗಾದರೆ ಮೂಲೆಯಲ್ಲಿ ಎತ್ತಿ ಮಟ್ಟ ಮಾಡಿಬಿಡೋಣ ಅನ್ನಿಸುವುದು ಸಹಜ. ಜಾಕಿ ಎತ್ತಿಯೂ ಎತ್ತುತ್ತದೆ, ಫ್ರೇಮ್ ತಿರುಚಿಕೊಳ್ಳುತ್ತದೆ. ಮೊದಲ ಸುಳಿವು ಬಾಗಿಲು ಕೊಡುತ್ತದೆ: ಚೌಕಟ್ಟಿಗೆ ಹಿಡಿದುಕೊಂಡು ಮುಚ್ಚುವುದಿಲ್ಲ. ಹಾಗೇ ಬಿಟ್ಟರೆ ಕಿಟಕಿಯ ಸಂದಿನಲ್ಲಿ ಸೀಲಂಟ್ ಬಿರಿದು ಮಳೆನೀರು ಇಳಿಯುತ್ತದೆ. ಭಾರ ಹೊರಬೇಕಾದದ್ದು ಚಕ್ರ ಮತ್ತು ಮೂಗಿನ ಜಾಕಿ. ಹಿಂದಿನ ಜಾಕಿಗಳು ಸ್ಪ್ರಿಂಗು, ಟೈರುಗಳ ಕುಣಿತವನ್ನು ತಡೆದರೆ ಸಾಕು, ಅದಕ್ಕೆ ಕೆಲವು ನೂರು ಪೌಂಡು ಧಾರಾಳ.

ಇನ್ನು ಕೋನದ ಲೆಕ್ಕ. ಕತ್ತರಿ ಜಾಕಿಯ ತೋಳುಗಳು ನೆಲಕ್ಕೆ 45 ಡಿಗ್ರಿಯಲ್ಲಿದ್ದಾಗ ಸ್ಕ್ರೂ ಮೇಲಿನ ಎಳೆತ ಭಾರದಷ್ಟೇ. 30 ಡಿಗ್ರಿಗೆ ಇಳಿದರೆ ಭಾರದ 1.7 ಪಟ್ಟು. 15 ಡಿಗ್ರಿಗೆ ಮಲಗಿದರೆ 3.7 ಪಟ್ಟು. ಅಂದರೆ ಮಡಚಿಕೊಂಡ ಜಾಕಿಯನ್ನು ಭಾರದ ಕೆಳಗೆ ಸಿಕ್ಕಿಸಿ ತಿರುಗಿಸುವುದು ಥ್ರೆಡ್ಡಿಗೆ ಬಲು ದುಬಾರಿ. ಹಾಗಂತ ಪೂರ್ತಿ ಎತ್ತರಕ್ಕೆ ಬಿಚ್ಚಿದರೆ ಪ್ರತಿ ರಿವಿಟ್ಟಿನ ಸಡಿಲವೂ ಕೂಡಿಕೊಂಡು ಜಾಕಿಯೇ ಅಲ್ಲಾಡುತ್ತದೆ. ಪಾದದ ಕೆಳಗೆ ಮರದ ಹಲಗೆ ಕೊಟ್ಟು ತೋಳುಗಳು 30 ರಿಂದ 45 ಡಿಗ್ರಿಯೊಳಗೆ ನಿಲ್ಲುವ ಹಾಗೆ ನೋಡಿಕೊಳ್ಳುವುದು ನನ್ನ ಪದ್ಧತಿ.

ಕತ್ತರಿ ಜಾಕಿ ತನ್ನ ತೋಳುಗಳ ನೇರಕ್ಕೆ ಗಟ್ಟಿ, ಅದಕ್ಕೆ ಅಡ್ಡವಾಗಿ ದುರ್ಬಲ. ಹಳೆಯ ಜಾಕಿಗಳನ್ನು ಪಕ್ಕಕ್ಕೆ ಮುಖ ಮಾಡಿ ಬೆಸೆದಿದ್ದರು, ಹಾಗಾಗಿ ಒಳಗೆ ಯಾರಾದರೂ ಮುಂದಿನಿಂದ ಹಿಂದಕ್ಕೆ ನಡೆದರೆ ಗಾಡಿ ಉದ್ದಕ್ಕೂ ತೂಗುತ್ತಿತ್ತು. ಮೂಲೆಯಿಂದ ಓರೆಯಾಗಿ ಕೂರಿಸಿದರೆ ಎರಡೂ ದಿಕ್ಕಿನ ತೂಗಾಟಕ್ಕೂ ಎರಡೂ ಜಾಕಿ ಸ್ವಲ್ಪ ಸ್ವಲ್ಪ ಒಡ್ಡಿಕೊಳ್ಳುತ್ತವೆ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಒಂದು ದಪ್ಪ ಪ್ಲೇಟು ಬೇಕು ಅಷ್ಟೆ.

ಮೇ, ಅಪ್ಪನ ಆಕ್ಷೇಪಣೆ

ಜಾಕಿಯ ಜೊತೆ ಬಂದದ್ದು ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳು. ಫ್ರೇಮಿನ ಕೆಳ ಪಟ್ಟಿಗೆ ನೇರವಾಗಿ ಹೊಡೆಯಿರಿ ಅನ್ನುವುದು ಅದರ ಅರ್ಥ. ಅಪ್ಪ ಶಿವಮೊಗ್ಗದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವರು. ವಿಡಿಯೋ ಕಾಲಿನಲ್ಲಿ ಫ್ರೇಮ್ ತೋರಿಸಿದೆ.

"ಚಾಸಿಯ ಮೇಲ್ಪಟ್ಟಿ, ಕೆಳಪಟ್ಟಿಗೆ ತೂತು ಹೊಡೀಬೇಡ ಕಣೋ. ಅಲ್ಲಿಂದ್ಲೇ ಬಿರುಕು ಬಿಡೋದು. ಯು-ಬೋಲ್ಟ್ ಹಾಕು."

"ಮೇಲೆ ನೆಲದ ಹಲಗೆ ಫ್ರೇಮಿಗೆ ಅಂಟ್ಕೊಂಡೇ ಕೂತಿದೆಯಪ್ಪ, ಬೋಲ್ಟ್ ಸುತ್ತಿಸೋಕೆ ಸಂದಿಯೇ ಇಲ್ಲ."

"ಹಂಗಾದ್ರೆ ನಡು ಹೊಟ್ಟೇಲಿ ಹೊಡಿ. ಒಂದು ಪಟ್ಟಿ ಕೊಟ್ಟು ಹೊಡಿ."

ಅಪ್ಪನ ಮಾತಿಗೆ ಪುಸ್ತಕದ ಲೆಕ್ಕವೂ ಹೊಂದುತ್ತದೆ. ಫ್ರೇಮ್ ಬಾಗುವಾಗ ಮೇಲಿನ ಅಂಚು ಮತ್ತು ಕೆಳಗಿನ ಅಂಚಿಗೆ ಎಲ್ಲಕ್ಕಿಂತ ಹೆಚ್ಚು ಒತ್ತಡ, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ನನ್ನ ಫ್ರೇಮ್ 4 ಇಂಚಿನ ಸಿ-ಚಾನೆಲ್ (ಸಿ ಅಕ್ಷರದ ಆಕಾರದ ಕಬ್ಬಿಣದ ತೊಲೆ), ಬಾಯಿ ಒಳಮುಖ. ಮೇಲಿನಿಂದಲೂ ಕೆಳಗಿನಿಂದಲೂ 2 ಇಂಚು ಬಿಟ್ಟು ನಡುವೆ ತೂತು ಹಾಕಿದರೆ ಶಕ್ತಿ ಅಷ್ಟೇನೂ ಕುಗ್ಗುವುದಿಲ್ಲ, ಒಳಗಿನಿಂದ ನಟ್ಟು ಹಿಡಿಯಲು ಕೈಯೂ ಹೋಗುತ್ತದೆ. ಮೇಲಾಗಿ ಹಿಂದಿನ ತುದಿಯಲ್ಲಿ ಬಾಗುವ ಬಲವೇ ಕಡಿಮೆ, ಆಕ್ಸಲ್ ಸಮೀಪ ಬಂದ ಹಾಗೆ ಹೆಚ್ಚುತ್ತದೆ. ಹಾಗಾಗಿ ಕೆಳಪಟ್ಟಿಗೆ ಸ್ಕ್ರೂ ಹೊಡೆದ ಟ್ರೈಲರುಗಳೂ ಸುಖವಾಗಿ ಓಡಾಡಿಕೊಂಡಿವೆ. ಆದರೂ ಅಪ್ಪನ ಕಣ್ಣಿನ ಮುಂದೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಹಿಂದಿನ ಬಂಪರಿಗೆ ಜಾಕಿ ಕಟ್ಟುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಅದು ಕೊಳಚೆ ಪೈಪು ತುಂಬಿಡಲು ಇರುವ ತೆಳು ಡಬ್ಬಿ, ಭಾರಕ್ಕೆ ಅಂತ ಮಾಡಿದ್ದಲ್ಲ.

ಕಿತ್ತಿದ್ದು, ಕೂರಿಸಿದ್ದು

ಕೆಳಗೆ ನುಸುಳುವ ಮುಂಚೆ ಟ್ರೈಲರನ್ನು ಟ್ರಕ್ಕಿಗೆ ಕೊಂಡಿ ಹಾಕಿಯೇ ಇಟ್ಟು, ಫ್ರೇಮಿನ ಕೆಳಗೆ ಎರಡೂ ಬದಿ ಜಾಕ್ ಸ್ಟ್ಯಾಂಡ್ ಕೊಟ್ಟೆ. ಸ್ಟೆಬಿಲೈಸರ್ ನಂಬಿಕೊಂಡು ಅದರ ಕೆಳಗೆ ಮಲಗುವ ಮಾತೇ ಇಲ್ಲ.

ಹಳೆಯ ಜಾಕಿಗಳಿಗೆ ಕಾರ್ಖಾನೆಯಲ್ಲೇ ಹಾಕಿದ ಗಿಡ್ಡ ಬೆಸುಗೆಗಳಿದ್ದವು. ಗ್ರೈಂಡರಿನಲ್ಲಿ ಕತ್ತರಿಸುವ ಮುನ್ನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಫ್ರೇಮಿನ ಗುಂಟ ಹೋಗುವ ಗ್ಯಾಸ್ ಪೈಪು ಮತ್ತು ವೈರುಗಳ ಮೇಲೆ ತಗಡು ಮುಚ್ಚಿದೆ. ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹಾಳೆಗೆ ಕಿಡಿ ತಗಲಿದರೆ ಹತ್ತಿಕೊಳ್ಳುತ್ತದೆ, ಪಕ್ಕದಲ್ಲಿ ನೀರಿನ ಬಕೆಟ್ಟು ಇತ್ತು.

ಹೊಸದನ್ನೂ ಬೆಸೆದುಬಿಡಬಹುದಿತ್ತಲ್ಲ ಅಂತ ಪಕ್ಕದ ಮನೆಯವರು ಕೇಳಿದರು. ಬೆಸುಗೆ ಗಟ್ಟಿಯೇನೋ ಹೌದು. ಆದರೆ ಜಾಕಿಗೆ ಸತುವಿನ ಲೇಪ ಇದೆ, ಅದನ್ನು ಉಜ್ಜಿ ತೆಗೆಯದೆ ಬೆಸೆದರೆ ಏಳುವ ಹೊಗೆ ಕುಡಿದು ಜ್ವರ ಬರುತ್ತದೆ. ಬ್ಯಾಟರಿ ಕಳಚಬೇಕು. ಮತ್ತು ಮುಂದೊಮ್ಮೆ ಕೆಟ್ಟಾಗ ಮತ್ತೆ ಗ್ರೈಂಡರ್ ಹಿಡಿಯಬೇಕು. ಬೋಲ್ಟಾದರೆ ಒಂದು ಸ್ಪ್ಯಾನರಿನಲ್ಲಿ ಮುಗಿಯುತ್ತದೆ.

ಉದ್ದದ ಚಾನೆಲ್ಲು ಹಿಂದಿನ ಅಡ್ಡ ಪಟ್ಟಿಗೆ ಸೇರುವ ಮೂಲೆಯಲ್ಲಿ 1/4 ಇಂಚು ದಪ್ಪದ ತ್ರಿಕೋನ ಪ್ಲೇಟು ಇಟ್ಟೆ. ಒಂದು ಅಂಚು ಚಾನೆಲ್ಲಿಗೆ, ಇನ್ನೊಂದು ಅಡ್ಡ ಪಟ್ಟಿಗೆ, ಎರಡೂ ಕಡೆ ಎಲ್-ಆಂಗಲ್ ಮೂಲಕ. ಬೋಲ್ಟುಗಳೆಲ್ಲ 3/8 ಇಂಚು, ಗ್ರೇಡ್ 5, ನೈಲಾನ್ ಲಾಕ್ ನಟ್ಟು, ಟಾರ್ಕ್ 30 ಅಡಿ-ಪೌಂಡಿನ ಹತ್ತಿರ. ಪ್ಲೇಟಿನ ಕೆಳಗೆ ಜಾಕಿ, ಹಿಡಿಕೆಯ ತುದಿ ಮೂಲೆಯಿಂದ ಹೊರಕ್ಕೆ. ಕೊರೆದ ತೂತಿನ ಅಂಚಿಗೆಲ್ಲ ಪ್ರೈಮರ್ ಬಳಿಯಲೇಬೇಕು, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಮೂಲೆಗೆ ಎಷ್ಟು ಹತ್ತಿರ ಇಡಬಹುದು ಅನ್ನುವುದಕ್ಕೆ ದಾರದ ಪರೀಕ್ಷೆ. ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿಗೆ ಒಂದು ದಾರ ಬಿಗಿಯಾಗಿ ಎಳೆಯಿರಿ. ಮಡಚಿದ ಜಾಕಿ ಆ ದಾರಕ್ಕಿಂತ ಮೇಲಿದ್ದರೆ ಪೆಟ್ರೋಲ್ ಬಂಕಿನ ಏರಿನಲ್ಲಿ ನೆಲಕ್ಕೆ ಉಜ್ಜುವುದಿಲ್ಲ. ನನ್ನದಕ್ಕೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಸಾಲದು ಅನ್ನಿಸಿತು, ಎರಡೂ ಜಾಕಿಯನ್ನು ಪ್ಲೇಟಿನಲ್ಲೇ ಒಂದಿಷ್ಟು ಮುಂದಕ್ಕೆ ಸರಿಸಿದೆ.

ಜೂನ್, ಮರಳಿನ ಮೇಲೆ

ಪರೀಕ್ಷೆಗೆ ಆರಿಸಿಕೊಂಡದ್ದು ಮಸ್ಕೀಗನ್ ಬಳಿಯ ಹಾಫ್‌ಮಾಸ್ಟರ್ ಸ್ಟೇಟ್ ಪಾರ್ಕು. ಮಿಶಿಗನ್ ಸರೋವರದ ದಂಡೆ, ಮರಳು ದಿಬ್ಬಗಳ ಮಗ್ಗುಲು. ಜಾಕಿಗೆ ಇದಕ್ಕಿಂತ ಕಷ್ಟದ ನೆಲ ಬೇಕಿಲ್ಲ.

ಮೊದಲು ಅಡ್ಡ ಮಟ್ಟ: ತಗ್ಗಿರುವ ಕಡೆಯ ಚಕ್ರವನ್ನು ಹಲಗೆ ಮೇಲೆ ಹತ್ತಿಸುವುದು. ಆಮೇಲೆ ಚಕ್ರಕ್ಕೆ ಅಡ್ಡ ಕೊಡುವುದು, ತೇರಿನ ಗಾಲಿಗೆ ಸನ್ನೆ ಹಾಕಿದ ಹಾಗೆ ಹಿಂದೂ ಮುಂದೂ ಬಿಗಿಯಾಗಿ. ಅದಾಗುವ ತನಕ ಕೊಂಡಿಯನ್ನೂ ಸೇಫ್ಟಿ ಚೈನನ್ನೂ ಮುಟ್ಟುವ ಹಾಗಿಲ್ಲ. ನಂತರ ಕೊಂಡಿ ಬಿಡಿಸಿ, ಮೂಗಿನ ಜಾಕಿಯಲ್ಲಿ ಉದ್ದದ ಮಟ್ಟ. ಸ್ಟೆಬಿಲೈಸರಿನ ಸರದಿ ಎಲ್ಲಕ್ಕಿಂತ ಕೊನೆಗೆ. ಒಂದೇ ಆಕ್ಸಲಿನ ಗಾಡಿಯಲ್ಲಿ ಇನ್ನೊಂದು ಎಚ್ಚರ ಬೇಕು: ಕೊಂಡಿ ಬಿಡಿಸಿ, ಹಿಂದಿನ ಜಾಕಿ ಇಳಿಸುವ ಮುಂಚೆ ಮಕ್ಕಳೆಲ್ಲ ಹಿಂದಿನ ಮಂಚಕ್ಕೆ ನುಗ್ಗಿದರೆ ಮೂಗು ಮೇಲೇಳಬಹುದು. ಹೊರಡುವಾಗ ಇದೇ ಕ್ರಮ ಹಿಂದುಮುಂದು.

ಮರಳಿಗೆ 12 ಇಂಚು ಚೌಕದ ಪ್ಲೈವುಡ್ ತುಂಡುಗಳು. ಜಾಕಿಯ ಪಾದ ಸುಮಾರು 25 ಚದರ ಇಂಚು. 300 ಪೌಂಡ್ ಅದರ ಮೇಲೆ ಬಿದ್ದರೆ ಚದರ ಇಂಚಿಗೆ 12 ಪೌಂಡು, ಮರಳು ಜಗ್ಗುತ್ತದೆ. ಪ್ಲೈವುಡ್ಡಿನ ಮೇಲೆ ಅದೇ ಭಾರ ಚದರ ಇಂಚಿಗೆ 2 ಪೌಂಡಿನಷ್ಟು. ಬೆಳಿಗ್ಗೆ ನೋಡಿದರೂ ಹಲಗೆ ಇಟ್ಟಲ್ಲೇ ಇತ್ತು, ಹೊಸ ಮರಳು ಒಂದಿಷ್ಟು ಕೂರುವುದರಿಂದ ಕಾಲು ಸುತ್ತು ಬಿಗಿ ಮಾಡಿದೆ.

ಫಲಿತಾಂಶ: ಉದ್ದಕ್ಕೆ ತೂಗುವುದು ಪೂರ್ತಿ ಹೋಗಿದೆ ಅನ್ನಬಹುದು. ಹೆಂಡತಿ ಒಲೆ ಮುಂದೆ ನಿಂತು ಒಗ್ಗರಣೆ ಹಾಕುವಾಗ ಮೇಜಿನ ಮೇಲಿನ ಕಾಫಿ ಅಲುಗಲಿಲ್ಲ. ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಅಡ್ಡಕ್ಕೆ ಮಾತ್ರ ಮುಂಭಾಗದಲ್ಲಿ ಸಣ್ಣ ನಡುಕ ಉಳಿದಿದೆ, ಬಾಗಿಲ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಅಲ್ಲಿ ಹಿಡಿದುಕೊಳ್ಳುವುದಕ್ಕೆ ಮೂಗಿನ ಜಾಕಿಯ ಒಂದೇ ಕಾಲು, ಅದೂ ಸರಿಯಾಗಿ ನಡುವೆ.

ಸದ್ಯಕ್ಕೆ

ಸ್ಕ್ರೂಗಳಿಗೆ ಗ್ರೀಸ್ ಹಚ್ಚಿಲ್ಲ. ಗ್ರೀಸಿಗೆ ರಸ್ತೆಯ ಧೂಳು, ಮರಳು ಅಂಟಿಕೊಂಡು ಥ್ರೆಡ್ಡನ್ನು ಅರೆಯುತ್ತದೆ. ಒಣ ಲೂಬ್ರಿಕಂಟ್ ಸ್ಪ್ರೇ ಹೊಡೆದು ಮೇಲೆ ಕೆಳಗೆ ಒಮ್ಮೆ ಓಡಿಸಿದ್ದೇನೆ. ನವೆಂಬರಿನಲ್ಲಿ ಗಾಡಿ ನಿಲ್ಲಿಸುವ ಮುನ್ನ ಕೆಳಭಾಗಕ್ಕೆಲ್ಲ ಸಿಹಿನೀರು ಹೊಡೆದು ತೊಳೆದು, ಒಣಗಿಸಿ, ಇನ್ನೊಮ್ಮೆ ಸ್ಪ್ರೇ ಮಾಡಬೇಕು.

ಮುಂದಕ್ಕೆ ಹಳೆಯ ಎಡ ಜಾಕಿಯ ಜೋಡಿ ಹುಡುಕುತ್ತಿದ್ದೇನೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಇಲ್ಲಿಂದ ಒಂದು ಗಂಟೆಯ ದಾರಿ. ಅಮೆರಿಕದ ಟ್ರೈಲರ್ ಕಾರ್ಖಾನೆಗಳ ದೊಡ್ಡ ಪಾಲು ಆ ಊರಿನ ಸುತ್ತಲೇ ಇದೆ, ಅವು ಬಿಟ್ಟ ಮಿಕ್ಕ ಮಾಲು ಮಾರುವ ಅಂಗಡಿಗಳೂ ಇವೆ. ಅಲ್ಲಿ ಅದೇ ಅಳತೆಯದು ಸಿಕ್ಕರೆ ಮುಂದೆಯೂ ಓರೆಯಲ್ಲೇ ಕೂರಿಸುವುದು. ಸಿಗದಿದ್ದರೆ ಈ ವರ್ಷಕ್ಕೆ ಅಲ್ಯೂಮಿನಿಯಂ ಬಿಡಿ ಸ್ಟ್ಯಾಂಡುಗಳನ್ನು ಮುಂದಿನ ಎರಡು ಮೂಲೆಗೆ ಇಟ್ಟುಕೊಂಡು ಸುಧಾರಿಸುತ್ತೇವೆ. ಮುಂಭಾಗದ ಪ್ಲೇಟಿನ ಅಳತೆ ಈಗಾಗಲೇ ರಟ್ಟಿನಲ್ಲಿ ಕತ್ತರಿಸಿಟ್ಟಿದ್ದೇನೆ. ಬಲಗಡೆಯದು ಗ್ಯಾಸ್ ಪೈಪಿಗೆ ತಗಲುತ್ತಿದೆ, ಆ ಪ್ಲೇಟಿನ ಒಂದು ಮೂಲೆ ಕತ್ತರಿಸಬೇಕಾದೀತು. ಅಪ್ಪನಿಗೆ ಫೋಟೋ ಕಳಿಸಿದ್ದೇನೆ, ಉತ್ತರ ಬಂದಿಲ್ಲ.