ಬದ್ಲಿ

ನಮ್ಮ ಕಡೆ ವರ್ಗಾವಣೆ ಅನ್ನೋ ಪದ ಆಫೀಸಿನ ಕಾಗದಕ್ಕೆ ಮಾತ್ರ. ಮನೆಯಲ್ಲಿ, ಕಟ್ಟೆ ಮೇಲೆ ಎಲ್ಲರದೂ ಒಂದೇ ಮಾತು, "ಸಾಹೇಬರಿಗೆ ಗದಗಕ್ಕ ಬದ್ಲಿ ಆತಂತ್ರಿ." ಕುಕ್ಕರ್ ರಬ್ಬರಿಗೂ ಅದೇ ಪದ. ನಿನ್ನೆ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯವರು ನಮ್ಮ ಹಳೆ ರಬ್ಬರನ್ನ ಎರಡು ಬೆರಳಲ್ಲಿ ಎಳೆದು ನೋಡಿದರು. ಹಿಗ್ಗಿತು, ವಾಪಸ್ ಕುಗ್ಗಲೇ ಇಲ್ಲ. "ಇದರದ್ದು ಮುಗೀತ್ರೀ ಅಕ್ಕಾರ, ಬದ್ಲಿ ಮಾಡೂದ" ಅಂದರು.

ಮನುಷ್ಯರೇ ಬದ್ಲಿ ಆಗಿದ್ದ ಕಾಲವೂ ಇತ್ತು. ಬಟ್ಟೆ ಮಿಲ್ಲುಗಳಲ್ಲಿ ಬದ್ಲಿ ಕಾರ್ಮಿಕ ಅಂದರೆ ಕಾಯಂ ಕೆಲಸಗಾರ ಬರದ ದಿನ ಅವನ ಜಾಗದಲ್ಲಿ ನಿಲ್ಲುವವನು. ಬೆಳಿಗ್ಗೆ ಗೇಟಿಗೆ ಹೋಗಿ ಕಾಯಬೇಕು. ಅಲ್ಲಿ ಯಾರಿಗೋ ಜ್ವರ ಬಂದರೆ ಇವನ ಮನೆಯಲ್ಲಿ ಒಲೆ ಉರಿಯುತ್ತದೆ. ಎಂಥ ಲೆಕ್ಕ ನೋಡಿ! ಇನ್ನೊಬ್ಬರಿಗೆ ಹುಷಾರಿಲ್ಲದಿರಲಿ ಅಂತ ಬೇಡಿಕೊಳ್ಳೋಕಾಗುತ್ತಾ? ಆದರೂ ಮನಸ್ಸಿನ ಮೂಲೆಯಲ್ಲಿ ಆ ಆಸೆ ಇದ್ದೇ ಇರುತ್ತೆ ಅಲ್ವಾ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಈ ಪದ ಇತ್ತು. 25ಸಿ ಕಲಮಿನಲ್ಲಿ, ಇಂಗ್ಲಿಷ್ ವಾಕ್ಯದ ನಡುವೆ ನಮ್ಮ 'ಬದ್ಲಿ' ಹಾಗೇ ಕೂತಿತ್ತು. ಅದೇ ಸಂಸ್ಥೆಯಲ್ಲಿ ಒಂದು ವರ್ಷ ಸತತ ಸೇವೆ ಮುಗಿಸಿದರೆ ಆ ಕಲಮಿನ ಮಟ್ಟಿಗೆ ಅವನು ಬದ್ಲಿ ಆಗಿರುತ್ತಿರಲಿಲ್ಲ. ಲೇ ಆಫ್ ಆದಾಗ, ಅಂದರೆ ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಮನೆಗೆ ಕಳಿಸಿದಾಗ, ಪರಿಹಾರ ಕೇಳಬಹುದಿತ್ತು. ಆದರೆ ಸತತ ಒಂದು ವರ್ಷ ಕೆಲಸ ಕೊಡಬೇಕಿತ್ತಲ್ಲ, ಅದು ಬೇರೆ ಮಾತು.

ಊರುಗಳ ಹೆಸರೂ ಬದ್ಲಿ ಆಗುತ್ತವೆ. ಇಂಗ್ಲಿಷಿನಲ್ಲಿ 'ಹುಬ್ಳಿ' ಹೋಗಿ 'ಹುಬ್ಬಳ್ಳಿ' ಬಂದಿದ್ದು 2014ರ ನವೆಂಬರ್ 1ಕ್ಕೆ. ರೈಲು ಟಿಕೆಟಿನಲ್ಲಿ ಮಾತ್ರ ನಿಲ್ದಾಣದ ಕೋಡ್ ಇವತ್ತಿಗೂ ಯುಬಿಎಲ್ಲೇ.